ಗವಿ ತೊಳೆದ ಬೇಸಿಗೆ

ಸಿಂಚನಾ, ತೇಜಸ್, ಇಬ್ಬರೂ ಪಕ್ಕಪಕ್ಕ ಕೂತು ಓದಿ. ಒಬ್ಬರು ಓದಿಕೊಂಡು ಇನ್ನೊಬ್ಬರಿಗೆ ಹೇಳುವುದು ಬೇಡ. ಹೇಳುವಾಗ ತೇಜಸ್ ಸೇರಿಸುತ್ತಾನೆ, ಸಿಂಚನಾ ಬಿಡುತ್ತಾಳೆ. ನನಗೆ ನಾಲ್ಕು ಜನರ ಎದುರು ಕೂತು ಹೇಳಲು ಬರುವುದಿಲ್ಲ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಲ್ಯಾಬಿನಲ್ಲಿ ನಾನು ಏನು ಮಾಡುತ್ತಿದ್ದೆ ಎಂದು ನೀವು ಎಷ್ಟೋ ಸಲ ಕೇಳಿದ್ದೀರಿ. ಎಲ್ಲವನ್ನೂ ಹೇಳಿದರೆ ನಿಮಗೆ ನಿದ್ದೆ ಬರುತ್ತದೆ. ಒಂದು ಬೇಸಿಗೆಯ ಕೆಲಸ ಮಾತ್ರ ಹೇಳುತ್ತೇನೆ. ನಿಮ್ಮ ತಾತ ಆಸ್ಪತ್ರೆಯಲ್ಲಿದ್ದ ದಿನಗಳನ್ನು ಬಿಟ್ಟರೆ, ನಾನು ಅಷ್ಟು ಹೆದರಿದ್ದು ಇನ್ನೊಮ್ಮೆ ಇಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ನಮ್ಮ ಲ್ಯಾಬು ಕೋಲಾರ ಊರಾಚೆ, ಎರಡು ರೂಮು, ಒಂದು ಉಗ್ರಾಣ. ಅಲ್ಲಿ ಮೂರೇ ಜನ. ಎಲ್ಲಕ್ಕೂ ಮೇಲೆ ಮೇಡಂ, ಮೈಸೂರಿನ ಕಡೆಯವರು, ನನಗಿಂತ ಚಿಕ್ಕವರು. ಟೆಕ್ನಿಷಿಯನ್ ಒಬ್ಬರು, ಮುಳಬಾಗಿಲಿನವರು, ಅರ್ಧ ಕನ್ನಡ ಅರ್ಧ ತೆಲುಗು. ಆಮೇಲೆ ನಾನು. ಗಾಜು ತೊಳೆಯುವುದು, ಜೆಲ್ ಹುಯ್ಯುವುದು, ಅದಕ್ಕೆ ಬೆಳ್ಳಿಯ ಬಣ್ಣ ಹಿಡಿಸುವುದು ನನ್ನ ಪಾಲು. ಊರ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮಾಡಿದವಳಿಗೆ ಅದೇ ದೊಡ್ಡದಾಗಿ ಕಾಣುತ್ತಿತ್ತು.

ಕೆಲಸ ಇದ್ದದ್ದು ಒಂದು ಬಾವಲಿಯ ಮೇಲೆ. ಮರಕ್ಕೆ ನೇತುಬೀಳುವ ದೊಡ್ಡ ಬಾವಲಿ ಅಲ್ಲ. ಮುಷ್ಟಿಯಲ್ಲಿ ಮುಚ್ಚಿದರೆ ಕಾಣದಷ್ಟು ಸಣ್ಣದು, ಹುಳ ತಿನ್ನುವಂಥದ್ದು, ಮೂಗಿನ ಮೇಲೆ ಎಲೆ ಮಡಿಸಿಟ್ಟ ಹಾಗೆ ಒಂದು ಚರ್ಮ. ನಮ್ಮ ಕಡೆ ಅದನ್ನು ತೆಲುಗಿನ ಹಾಗೆ ಗಬ್ಬಿಲಾಯಿ ಅನ್ನುತ್ತಾರೆ. ಇಂಥ ಎಲೆಮೂಗಿನ ಗಬ್ಬಿಲಾಯಿಗಳಲ್ಲಿ ಒಂದು ಜಾತಿ ಎಲ್ಲ ಹಾಳು ಮಂಟಪದಲ್ಲೂ ಇರುತ್ತದೆ. ಇನ್ನೊಂದು ಜಾತಿ ನೋಡಲು ಹೆಚ್ಚುಕಡಿಮೆ ಅದೇ ತರ, ಆದರೆ ನಮಗೆ ಗೊತ್ತಿದ್ದ ಮಟ್ಟಿಗೆ ಅದು ಒಂದೇ ಒಂದು ಬಂಡೆಯ ಗವಿಯಲ್ಲಿ ಉಳಿದಿತ್ತು. ಸುತ್ತಲಿನ ಗುಡ್ಡಗಳನ್ನೆಲ್ಲ ಕಲ್ಲಿನ ಕ್ವಾರಿಗಳು ತಿಂದು ಮುಗಿಸಿದ್ದವು. ಗವಿ ಇದ್ದ ಊರಿಗೆ ನಿಮ್ಮ ತಾತನ ತಂಗಿಯನ್ನು ಕೊಟ್ಟಿತ್ತು. ನೀವು ಚಿಕ್ಕಜ್ಜಿ ಅನ್ನುತ್ತೀರಲ್ಲ, ಅವಳೇ. ಸುಗಟೂರಿನಿಂದ ಮುಂದೆ, ಶ್ರೀನಿವಾಸಪುರದ ಕಡೆಗೆ ಹೋಗುವಾಗ ಬರುವ ಊರು. ರೇಷ್ಮೆ ಹುಳ ಮೇಯಿಸುವವರ ಊರು.

ಮೇಡಂ ಮಾಡಬೇಕೆಂದಿದ್ದು ಏನು ಎನ್ನುವುದನ್ನು ಅವರು ನನಗೆ ಹೇಳಿದ ಹಾಗೇ ಹೇಳುತ್ತೇನೆ. ಜೀವ ಇರುವ ಎಲ್ಲದರ ಒಳಗೂ ಉದ್ದದ ಒಂದು ದಾರ ಇದೆ, ಅದರಲ್ಲಿ ನಾಲ್ಕೇ ಅಕ್ಷರಗಳ ಬರಹ ಇದೆ. ಅಲ್ಲಲ್ಲಿ ಅವೇ ಎರಡು ಅಕ್ಷರ ಹಿಂದೆ ಹಿಂದೆ ಮತ್ತೆ ಮತ್ತೆ ಬರುತ್ತವೆ, ಪಾಠ ಮರೆತ ಮಗು ಹೇಳಿದ ಮಾತನ್ನೇ ಹೇಳುತ್ತಾ ನಿಂತ ಹಾಗೆ. ಎಷ್ಟು ಸಲ ಹೇಳುತ್ತದೆ ಎನ್ನುವುದು ಒಂದೊಂದು ಪ್ರಾಣಿಯಲ್ಲಿ ಒಂದೊಂದು ತರ. ಒಂದು ಲೆಕ್ಕ ತಾಯಿಯಿಂದ, ಒಂದು ತಂದೆಯಿಂದ. ಇಂಥ ಹಲವು ಜಾಗ ಹುಡುಕಿಟ್ಟುಕೊಂಡರೆ, ಈ ಗಬ್ಬಿಲಾಯಿ ಯಾವುದು, ಇದರ ಜಾತಿ ಯಾವುದು, ಇವೆಲ್ಲ ಒಂದೇ ತಾಯಿಮಕ್ಕಳೋ ಬೇರೆಯೋ ಎಂದು ಹೇಳಬಹುದು. ಆ ಜಾಗಗಳಿಗೆ ಮಾರ್ಕರ್ ಅನ್ನುತ್ತಿದ್ದರು. ನಾನು ಗುರುತು ಅನ್ನುತ್ತಿದ್ದೆ. ಗುರುತು ಮೊದಲೇ ಸಿಕ್ಕುವಂಥದ್ದಲ್ಲ, ಒಂದೊಂದು ಜಾತಿಗೂ ಹೊಸದಾಗಿ ಹುಡುಕಬೇಕು.

ಹಿಂದಿನ ವರ್ಷ ಪೂರ್ತಿ ಅದೇ ಆಗಿತ್ತು. ಮುಸ್ಸಂಜೆ ಗವಿಯ ಬಾಯಿಗೆ ಸಣ್ಣ ಬಲೆ ಕಟ್ಟಿ ಹಿಡಿದು, ರೆಕ್ಕೆಯ ಚರ್ಮದಲ್ಲಿ ಅಕ್ಕಿಕಾಳಿನಷ್ಟು ಒಂದು ಚೂರು ತೆಗೆದು ಬಿಟ್ಟುಬಿಡುತ್ತಿದ್ದರು. ಆ ತೂತು ತಾನೇ ಕೂಡಿಕೊಳ್ಳುತ್ತದೆ. ಬಟ್ಟೆ ಚೀಲದಲ್ಲಿ ಅದನ್ನು ಹಿಡಿದುಕೊಳ್ಳುವುದು ನಾನು. ಗಬ್ಬಿಲಾಯಿ ಮನೆ ಹೊಕ್ಕರೆ ಮನೆ ಹಾಳು ಎಂದು ಕೇಳಿ ಬೆಳೆದವಳು ನಾನು. ಮೊದಲ ಸಲ ಚೀಲದ ಒಳಗೆ ಅದರ ಎದೆ ಹೊಡೆದುಕೊಳ್ಳುವುದು ಕೈಗೆ ತಾಗಿದಾಗ, ನನ್ನ ಎದೆಯೂ ಹಾಗೇ ಹೊಡೆದುಕೊಳ್ಳುತ್ತಿತ್ತು. ಯಾವುದು ಯಾವುದಕ್ಕೆ ಹೆದರಿತ್ತೋ.

ಲ್ಯಾಬಿನಲ್ಲಿ ಹೆದರಿಕೆ ಬೇರೆ ತರ. ಚರ್ಮದ ಚೂರನ್ನು ಕರಗಿಸಿ, ಫಿನಾಲ್ ಹಾಕಿ ಅಲ್ಲಾಡಿಸಿ, ಮೇಲಿನ ತಿಳಿ ತೆಗೆದು, ತಣ್ಣನೆ ಸ್ಪಿರಿಟ್ ಹುಯ್ದರೆ ಆ ದಾರ ಮೋಡದ ಎಳೆಯ ಹಾಗೆ ಕೆಳಗಿಳಿಯುತ್ತದೆ. ಫಿನಾಲ್ ಕೈಗೆ ತಾಗಿದರೆ ಉರಿಯುವ ಮೊದಲೇ ಚರ್ಮ ಬೆಳ್ಳಗಾಗುತ್ತದೆ. ಜೆಲ್‌ನ ಪುಡಿ ಉಸಿರಿಗೆ ಹೋದರೆ ನರಕ್ಕೆ ಕೆಟ್ಟದ್ದು. ನಿಮ್ಮ ಅಪ್ಪ ಆಗ ಇನ್ನೂ ಕಾಲೇಜು ಮುಗಿಸಿರಲಿಲ್ಲ. ನನಗೇನಾದರೂ ಆದರೆ ಎಂದು ಎರಡು ಜೊತೆ ರಬ್ಬರ್ ಕೈಗವಸು ಹಾಕಿಕೊಳ್ಳುತ್ತಿದ್ದೆ. ಟೆಕ್ನಿಷಿಯನ್ ನಗುತ್ತಿದ್ದರು.

"ಏನಕ್ಕಾ, ಮದ್ವೆ ಹೆಣ್ಣಿಗೆ ಬಳೆ ತೊಡಿಸ್ದಂಗೆ ಒಂದರ ಮೇಲೊಂದು."

"ನಗ್ರಿ ನೀವು. ನಂಗಿರೋದು ಎರಡೇ ಕೈ."

ದಾರವನ್ನು ತುಂಡು ಮಾಡಿ, ಹಿಂದೆ ಹಿಂದೆ ಅಕ್ಷರ ಬರುವ ತುಂಡುಗಳನ್ನು ಆರಿಸಿ, ಬ್ಯಾಕ್ಟೀರಿಯಾ ಒಳಗೆ ಸೇರಿಸಿ ತಟ್ಟೆಗಳಲ್ಲಿ ಬೆಳೆಸುತ್ತಿದ್ದೆವು. ನೀಲಿ ಚುಕ್ಕಿ ಬೆಳೆದರೆ ಒಳಗೆ ತುಂಡು ಸೇರಿಲ್ಲ ಎಂದು ಅರ್ಥ, ಬಿಳಿ ಚುಕ್ಕಿ ಬೆಳೆದರೆ ಸೇರಿದೆ. ಬಿಳಿಯವನ್ನು ಕಡ್ಡಿಯಲ್ಲಿ ಎತ್ತಿ ಬೆಂಗಳೂರಿಗೆ ಓದಿಸಲು ಕಳಿಸುವುದು. ಓದಿಸಿ ಬಂದದ್ದರಲ್ಲಿ ಬಹುಪಾಲು ಕಸ. ಉಳಿದದ್ದರಲ್ಲಿ ಎಷ್ಟೋ ಗುರುತುಗಳು ಎಲ್ಲ ಗಬ್ಬಿಲಾಯಿಗಳಲ್ಲೂ ಒಂದೇ ತರ ಬಂದು ಯಾವ ಕೆಲಸಕ್ಕೂ ಬಾರದೆ ಹೋದವು. ಕೊನೆಗೆ ಕೈಬೆರಳಲ್ಲಿ ಎಣಿಸುವಷ್ಟು ನಿಂತವು. ಒಂದನ್ನು ಇನ್ನೊಂದರಿಂದ ಬೇರೆ ಮಾಡಿ ತೋರಿಸುವಂಥವು. ಮೇಡಂ ಅವತ್ತು ನಮಗೆ ಮೈಸೂರು ಪಾಕು ತರಿಸಿದರು.

ಯುಗಾದಿ ಹತ್ತಿರವಿತ್ತು. ಗವಿಯನ್ನು ಕಾಪಾಡುವ ವಿಷಯ ಮಾತಾಡಲು ದೊಡ್ಡ ಸಾಹೇಬರುಗಳು ನೋಡಲು ಬರುತ್ತಾರೆಂದು ಪಂಚಾಯಿತಿಗೆ ಸುದ್ದಿ ಬಂದಿತ್ತು. ಅವರು ಬರುವ ಮೊದಲು ಒಮ್ಮೆ ನೋಡಿ ಬರೋಣ ಎಂದು ಮೇಡಂ, ನಾನು ಬೆಳಗ್ಗೆ ಜೀಪಿನಲ್ಲಿ ಹೋದೆವು.

ಬಂಡೆಯ ಬುಡಕ್ಕೆ ಬರುವಾಗಲೇ ನನಗೆ ಮೂಗಿಗೆ ಬಡಿಯಿತು. ಆ ವಾಸನೆ ರೇಷ್ಮೆಯ ಊರಿನಲ್ಲಿ ಎಲ್ಲರಿಗೂ ಗೊತ್ತು. ಒಂದು ಬೆಳೆ ಹುಳ ಗೂಡು ಕಟ್ಟಿ ಹೋದ ಮೇಲೆ, ಮುಂದಿನ ಮರಿ ತರುವ ಮೊದಲು ಹುಳದ ಮನೆಯನ್ನು ಗುಡಿಸಿ, ತೊಳೆದು, ಬ್ಲೀಚಿಂಗ್ ಪುಡಿ ನೀರು ಎರಚಿ, ಸುಣ್ಣ ಹಾಕುತ್ತಾರೆ. ಹಾಗೆ ಮಾಡದಿದ್ದರೆ ಹಳೆಯ ರೋಗ ಹೊಸ ಹುಳಕ್ಕೆ ಹತ್ತುತ್ತದೆ. ಚೊಕ್ಕಟ ಮಾಡುವುದೆಂದರೆ ಆ ಊರಿಗೆ ಅದೇ.

ಗವಿಯ ಬಾಯಲ್ಲಿ ನನ್ನ ನಾದಿನಿ, ನಿಮ್ಮ ಚಿಕ್ಕಜ್ಜಿ, ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಜೊತೆಗೆ ಊರಿನ ಹೆಂಗಸರು, ಪೊರಕೆ, ಬಿಂದಿಗೆಗಳು. ಒಳಗಿನ ನೆಲ ಬೆಳ್ಳಗಿತ್ತು. ಎಷ್ಟೋ ಕಾಲದಿಂದ ಬಿದ್ದ ಹಿಕ್ಕೆಯ ರಾಶಿ ಇರಲಿಲ್ಲ. ಸಾಂಬ್ರಾಣಿ ಹೊಗೆ ಇನ್ನೂ ಸುಳಿಯುತ್ತಿತ್ತು. ಬಾಯಿಗೆ ಮಾವಿನ ತೋರಣ ಕಟ್ಟಿದ್ದರು.

"ಬನ್ನಿ ಮೇಡಂ. ಸಾಹೇಬ್ರು ಬರ್ತಾರಲ್ಲ, ಹುಳದ ಮನೆಗಿಂತ ಚೆನ್ನಾಗಿ ಮಾಡಿದೀವಿ ನೋಡಿ. ಮೂಗು ಮುಚ್ಕೊಂಡ್ ಒಳಗೋಗೋ ಹಂಗೇ ಇಲ್ಲ ಈಗ."

ಮೇಡಂ ಟಾರ್ಚ್ ಹಾಕಿ ಮೇಲೆ ನೋಡಿದರು. ಬಂಡೆ ಬರಿದಾಗಿತ್ತು. ಯಾವಾಗಲೂ ಕೇಳುತ್ತಿದ್ದ ಕಿಚಕಿಚ ಸದ್ದು ಇರಲಿಲ್ಲ. ಮೇಡಂ ಬೈಯ್ಯುತ್ತಾರೆ ಎಂದು ಕಾದೆ, ಅವರು ಬೈಯ್ಯಲಿಲ್ಲ.

"ಯಾರು ಹೇಳಿದ್ರಮ್ಮ ಹಿಂಗ್ ಮಾಡಕ್ಕೆ?"

"ಯಾರೂ ಹೇಳ್ಲಿಲ್ಲ ಮೇಡಂ. ಊರಿಗೆ ಮರ್ಯಾದೆ ಅಂತ ನಾವೇ ಮಾಡಿದ್ವಿ."

ಮೇಡಂ ಮೆಲ್ಲಗೆ ಬಗ್ಗಿ, ಮೂಲೆಯಲ್ಲಿ ಗುಡಿಸಿಟ್ಟಿದ್ದ ಕಸದಿಂದ ಎರಡು ಮೂರು ಸತ್ತ ಗಬ್ಬಿಲಾಯಿಗಳನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು. ಒಣಗಿದ ಎಲೆಯಂತೆ ಮುದುರಿಕೊಂಡಿದ್ದವು. ಆಗ ನಾದಿನಿಗೆ ಅರ್ಥವಾಯಿತು. ಅವಳ ಮುಖ ಈಗಲೂ ನನ್ನ ಕಣ್ಣ ಮುಂದೆ ಇದೆ.

"ಸಾಯ್ಲಿ ಅಂತ ಮಾಡ್ಲಿಲ್ಲ ಅತ್ತಿಗೆ. ಆಚೆ ಹೋಗಿ ಸಂಜೆ ಬರ್ತವೆ ಅಂದ್ಕೊಂಡ್ವಿ. ಅತ್ತಿಗೆ, ಫಾರೆಸ್ಟ್‌ನೋರು ಹಿಡ್ಕೊಂಡೋಗ್ತಾರಾ?"

ಮೇಡಂ ಹೇಳಿದರು, "ಯಾರೂ ಯಾರನ್ನೂ ಹಿಡ್ಕೊಂಡು ಹೋಗಲ್ಲ. ಸಂಜೆ ಬರ್ತವಾ ನೋಡೋಣ." ಅವತ್ತು ಸಂಜೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಸಾಹೇಬರುಗಳು ಬಂದು, ಚೊಕ್ಕಟವಾದ ಖಾಲಿ ಗವಿ ನೋಡಿ, ಎಳನೀರು ಕುಡಿದು ಹೋದರು.

ಆಮೇಲಿನ ವಾರಗಳಲ್ಲಿ ಆ ಊರಿನವರೇ ಹುಡುಕಿದರು. ಯಾವ ಬಂಡೆಯ ಸಂದು, ಯಾವ ಮೋರಿ, ಯಾವ ಪಾಳು ಮನೆ ಎನ್ನದೆ ಇಣುಕಿದರು. ನಾನು ಲ್ಯಾಬಿನಲ್ಲಿ ಫ್ರಿಜ್ ತೆಗೆದಾಗಲೆಲ್ಲ ಹಳೆಯ ರೆಕ್ಕೆಯ ಚೂರುಗಳ ಸಣ್ಣ ಕೊಳವೆಗಳು ಕಾಣುತ್ತಿದ್ದವು. ಒಂದು ಜಾತಿಯಲ್ಲಿ ಇಷ್ಟೇ ಉಳಿದಿರಬಹುದು ಅನ್ನಿಸಿ ಬಾಗಿಲು ಮುಚ್ಚಿಬಿಡುತ್ತಿದ್ದೆ.

ಸುದ್ದಿ ತಂದವಳು ನಾದಿನಿಯೇ. ಗವಿಯಿಂದ ಒಂದೆರಡು ಮೈಲಿಯಾಚೆ ಒಂದು ಮಾವಿನ ತೋಪಿನಲ್ಲಿ ಕಲ್ಲು ಕಟ್ಟಿದ ಹಳೆಯ ಬಾವಿ ಇತ್ತು, ಎತ್ತು ಕಟ್ಟಿ ನೀರು ಎಳೆಯುತ್ತಿದ್ದ ಕಾಲದ್ದು. ನೀರು ಬತ್ತಿ ಎಷ್ಟೋ ವರ್ಷವಾಗಿತ್ತು. ಒಳಗೆ ಗೋಡೆಯ ಒಂದು ಭಾಗ ಕುಸಿದು ಗುಹೆಯ ಹಾಗೆ ಆಗಿತ್ತು, ಅಲ್ಲಿ ಗಬ್ಬಿಲಾಯಿಗಳಿದ್ದವು. ನಾವು ಮೂವರೂ ಹೋದೆವು. ಮೇಡಂ ಬಾವಿಯ ಕಟ್ಟೆಯ ಮೇಲೆ ಮಲಗಿ ದುರ್ಬೀನಿನಲ್ಲಿ ನೋಡಿದರು. ತುಂಬಾ ಹೊತ್ತು ನೋಡಿದರು.

"ಮರಿಗಳಿವೆ. ತಾಯಿ ಎದೆಗೆ ಕಚ್ಕೊಂಡಿವೆ."

"ನಮ್ಮವೇನಾ ಮೇಡಂ?" ಎಂದೆ.

"ಇಷ್ಟು ದೂರದಿಂದ ಹೇಳಕ್ಕಾಗಲ್ಲ ಅಮ್ಮ. ಮಾಮೂಲಿ ಜಾತೀನೂ ಹೀಗೇ ಕಾಣುತ್ತೆ. ಕೈಲಿ ಹಿಡಿದು ನೋಡಿದ್ರೆ ಗೊತ್ತಾಗುತ್ತೆ."

ತೋಪಿನ ಯಜಮಾನರು ಪಂಚೆ ಎತ್ತಿ ಕಟ್ಟಿಕೊಂಡು ಬಂದರು. ಅವರ ಕರು ಆ ಬಾವಿಗೆ ಬಿದ್ದು ಸತ್ತಿತ್ತು. ಕ್ವಾರಿಯ ಕಲ್ಲುಪುಡಿ ತರಿಸಿ ಬಾವಿ ಮುಚ್ಚಿಸಲು ಟ್ರ್ಯಾಕ್ಟರಿಗೆ ಹೇಳಿಟ್ಟಿದ್ದರು.

"ಏಮ್ಮಾ, ಗಬ್ಬಿಲಾಯಿಗಾ ಇಂಥಾ ದುರ್ಬೀನು? ಹೆಣ್ಣು ನೋಡೋಕೆ ಬಂದವರೂ ಇಷ್ಟೊತ್ತು ನೋಡಲ್ಲ."

ಮೇಡಂ ಎದ್ದು ಸೀರೆ ಕೊಡವಿಕೊಂಡು ಎಲ್ಲ ವಿವರಿಸಿದರು. ಯಜಮಾನರು ತಲೆ ತುರಿಸಿಕೊಂಡರು.

"ನೋಡಿ ತಾಯಿ, ನೀವು ಹೇಳೋ ಅಪರೂಪದ್ದೇ ಆದ್ರೆ ಇರ್ಲಿ, ಬಾವಿ ಮುಚ್ಚಲ್ಲ. ಕಟ್ಟೆ ಎತ್ತರಿಸ್ಕೋತೀನಿ. ಊರೂರಲ್ಲಿರೋ ಗಬ್ಬಿಲಾಯಿ ಆದ್ರೆ ನಾಳೆ ಅದರೊಳಗೆ ನನ್ನ ಮೊಮ್ಮಗು ಬಿದ್ರೆ ಯಾರು ಜವಾಬು? ಮಾವಿನ ಕೊಯ್ಲು ಮುಗೀಲಿ, ಅಲ್ಲೀ ತನ್ಕ ಟ್ರ್ಯಾಕ್ಟ್ರು ನಿಲ್ಲಿಸ್ತೀನಿ. ಆಮೇಲೆ ಕೇಳ್ಬೇಡಿ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ತೋಪಿನಲ್ಲಿ ಕಾಯಿ ಆಗಲೇ ಬಲಿಯುತ್ತಿತ್ತು.

ವಾಪಸು ಬರುವಾಗ ಜೀಪಿನಲ್ಲಿ ಟೆಕ್ನಿಷಿಯನ್ ಹೇಳಿದರು, "ಒಂದನ್ನ ಹಿಡಿದ್ರೆ ಮುಗೀತಲ್ಲ ಮೇಡಂ. ಬಲೆ ಕಟ್ಟೋಣ, ನಾಳೇನೇ ಗೊತ್ತಾಗುತ್ತೆ."

ಸುಗಟೂರು ದಾಟಿದ ಮೇಲೆ ಮೇಡಂ ಹೇಳಿದರು, "ಬೇಡ. ಈಗ ತಾನೇ ಒಂದು ಕಡೆಯಿಂದ ಓಡಿಬಂದಿರೋವು ಇರಬಹುದು. ಬಲೆ ಕಂಡು ಬೆದರಿದ್ರೆ ಮರಿ ಬೀಳಿಸ್ತವೆ, ಇಲ್ಲಾ ಈ ಜಾಗಾನೂ ಬಿಡ್ತವೆ. ಹಿಡಿದು ನೋಡಿ ಹೌದು ಅಂತ ಗೊತ್ತಾಗೋ ಹೊತ್ತಿಗೆ ಅವೇ ಇಲ್ದೆ ಹೋದ್ರೆ? ಮುಟ್ಟದೇನೇ ಕಂಡುಹಿಡೀಬೇಕು."

"ಮುಟ್ಟದೇನೇ ಹೆಂಗೆ ಮೇಡಂ?"

"ಹಿಕ್ಕೆಯಿಂದ."

ಟೆಕ್ನಿಷಿಯನ್ ಕಣ್ಣು ಮುಚ್ಚಿಕೊಂಡು ಸೀಟಿಗೆ ಒರಗಿದರು. ಅವರಿಗೆ ಅದರ ಕಷ್ಟ ಗೊತ್ತಿತ್ತು, ನನಗೆ ಆಮೇಲೆ ಗೊತ್ತಾಯಿತು. ಹಿಕ್ಕೆಯಲ್ಲಿ ಗಬ್ಬಿಲಾಯಿಯ ಕರುಳಿನ ಚೂರುಪಾರು ಅಂಟಿಕೊಂಡು ಬಂದಿರುತ್ತದೆ. ಅದರಲ್ಲಿ ದಾರ ಇರುತ್ತದೆ, ಆದರೆ ಬಹಳ ಸ್ವಲ್ಪ, ಅದೂ ಪುಡಿಪುಡಿ. ಅದಕ್ಕೆ ಅದು ತಿಂದ ಹುಳಗಳ ದಾರವೂ ಬೆರೆತಿರುತ್ತದೆ.

ಬಾವಿಯೊಳಗೆ ಯಾರೂ ಇಳಿಯಬಾರದು, ಗದ್ದಲವಾಗಬಾರದು. ಹಗುರವಾದ, ಚಪ್ಪಟೆಯಾದ, ಗಾಳಿಯಾಡುವಂಥ ಏನಾದರೂ ಹಗ್ಗದಲ್ಲಿ ಇಳಿಬಿಡಬೇಕು ಎಂದು ಮೇಡಂ ಹೇಳಿದಾಗ ನಾದಿನಿ ಹುಳ ಮೇಯಿಸುವ ಬಿದಿರಿನ ತಟ್ಟೆಗಳನ್ನು ತಂದಳು. ಮೇಲೆ ಹೊಸ ಕಾಗದ ಹಾಸಿದೆವು. ಗಬ್ಬಿಲಾಯಿಗಳು ಮೇಯಲು ಹೊರಟ ಮೇಲೆ ಇಳಿಬಿಡುವುದು, ಮಾರನೆಯ ಸಂಜೆ ಅವು ಮತ್ತೆ ಹೊರಟ ಮೇಲೆ ಎಳೆದುಕೊಳ್ಳುವುದು. ಮೊದಲ ತಟ್ಟೆ ಕೊಡುವಾಗ ನಾದಿನಿ ಅದನ್ನು ಎರಡೆರಡು ಸಲ ಒರೆಸಿದಳು. ಅವಳ ಹೆದರಿಕೆ ಕಳೆಯಲೆಂದು ನಾನೇ ಹೇಳಿದೆ, "ಬರೀ ಬಿಸಿಲಿಗೆ ಒಣಗಿಸಿದೀಯ ತಾನೇ? ಬ್ಲೀಚಿಂಗ್ ಏನೂ ಹಾಕಿಲ್ವಲ್ಲ ಕಣೇ?"

"ಸಾಯೋ ತನ್ಕ ಅದನ್ನೇ ಅಂತಿರು ಅತ್ತಿಗೆ," ಎಂದಳು. ಆದರೂ ಒಂದು ಚೂರು ನಕ್ಕಳು. ಆ ಬೇಸಿಗೆಯಲ್ಲಿ ಅವಳು ನಕ್ಕಿದ್ದು ಅದೊಂದೇ ನೆನಪು.

ಒಂದೊಂದು ಹಿಕ್ಕೆಯನ್ನೂ ಬೇರೆ ಬೇರೆ ಕೊಳವೆಗೆ ಚಿಮಟದಲ್ಲಿ ಹಾಕಿ, ಚಿಮಟವನ್ನು ಪ್ರತಿ ಸಲ ಬೆಂಕಿಗೆ ಹಿಡಿದು ಸುಟ್ಟು ತಂದೆವು. ಲ್ಯಾಬಿನಲ್ಲಿ ದಾರ ತೆಗೆದು, ಹಿಂದಿನ ವರ್ಷ ಅಷ್ಟು ಕಷ್ಟಪಟ್ಟು ಹುಡುಕಿದ ಗುರುತುಗಳನ್ನು ಹಾಕಿ, ಆ ತುಂಡುಗಳನ್ನು ಯಂತ್ರದಲ್ಲಿ ಹೆಚ್ಚಿಸಿ, ಜೆಲ್ ಮೇಲೆ ಓಡಿಸಿದೆವು. ನಾನು ಜೆಲ್‌ಗೆ ಬೆಳ್ಳಿ ಹಿಡಿಸಿದೆ. ತುಂಡು ಇದ್ದರೆ ಅದರ ಉದ್ದಕ್ಕೆ ತಕ್ಕ ಜಾಗದಲ್ಲಿ ಒಂದು ಪಟ್ಟಿ ಏಳುತ್ತದೆ. ರೆಕ್ಕೆಯ ಚೂರಿನ ಸಾಲುಗಳಲ್ಲಿ ಪಟ್ಟಿಗಳು ಚೆನ್ನಾಗಿ ಮೂಡಿದವು. ಹಿಕ್ಕೆಯ ಸಾಲುಗಳಲ್ಲಿ ಏನೂ ಇಲ್ಲ. ಮತ್ತೆ ಓಡಿಸಿದೆವು. ಏನೂ ಇಲ್ಲ.

ಮೇಡಂ ಆ ಖಾಲಿ ಜೆಲ್ ಮುಂದೆ ಕೂತುಬಿಟ್ಟರು. ನಾನು ಚಹಾ ತಂದಿಟ್ಟೆ, ಅದು ಆರಿಹೋಯಿತು. ಕೊನೆಗೆ ಅವರೇ ಹೇಳಿದರು. ನಮ್ಮ ಗುರುತುಗಳು ದಾರದ ಉದ್ದನೆಯ ತುಂಡನ್ನು ಕೇಳುತ್ತವೆ. ಹಿಕ್ಕೆಯಲ್ಲಿ ಅಷ್ಟು ಉದ್ದದ ತುಂಡು ಉಳಿದಿಲ್ಲ, ಎಲ್ಲ ಮುರಿದಿದೆ. ಆದ್ದರಿಂದ ಆ ಗುರುತುಗಳನ್ನು ಬಿಟ್ಟು, ಅಕ್ಷರ ಹಿಂದೆ ಹಿಂದೆ ಬರುವ ಜಾಗವನ್ನು ಎರಡೂ ಕಡೆಯಿಂದ ಹತ್ತಿರಕ್ಕೆ ಹಿಡಿಯುವ ಹಾಗೆ ಹೊಸದಾಗಿ ಮಾಡಬೇಕು. ಎಂದರೆ ಒಂದು ವರ್ಷದ ಕೆಲಸವನ್ನು ಬಹುಪಾಲು ಬದಿಗಿಟ್ಟು ಮೊದಲಿನಿಂದ. ಕೆಲವು ಗುರುತುಗಳ ಹತ್ತಿರ ಹಾಗೆ ಹಿಡಿಯಲು ಜಾಗವೇ ಇರಲಿಲ್ಲ, ಅವು ಹೋದವು. ಉಳಿದವಕ್ಕೆ ಹಾಗೆ ಎರಡೂ ಕಡೆಯಿಂದ ಹಿಡಿಯುವ ಹೊಸ ಪುಟ್ಟ ತುಂಡು ಮಾಡಿಕೊಡಲು ಬೆಂಗಳೂರಿಗೆ ಬರೆದರು. ಅದು ಬರುವ ತನಕ ಕಾಯಬೇಕು.

ತೋಪಿನಲ್ಲಿ ಬಾದಾಮಿ ಮಾವು ಇಳಿಸಲು ಶುರುಮಾಡಿದ್ದಾರೆ ಎಂದು ನಾದಿನಿ ಹೇಳಿ ಕಳಿಸಿದಳು. ಬಾದಾಮಿ ಆದ ಮೇಲೆ ತೋತಾಪುರಿ. ತೋತಾಪುರಿ ಮುಗಿದರೆ ಕೊಯ್ಲು ಮುಗಿದ ಹಾಗೆ.

ಹೊಸ ತುಂಡುಗಳು ಬಂದವು. ಹಿಕ್ಕೆಯ ಸಾಲಿನಲ್ಲಿ ಮೊದಲ ಸಲ ಪಟ್ಟಿ ಮೂಡಿತು. ಟೆಕ್ನಿಷಿಯನ್ ತೊಡೆ ತಟ್ಟಿಕೊಂಡರು. ಆದರೆ ಮೇಡಂ ಬೆರಳಿಟ್ಟು ತೋರಿಸಿದ್ದು ಕೊನೆಯ ಸಾಲು. ಪ್ರತಿ ಸಲವೂ ಒಂದು ಕೊಳವೆಗೆ ಬರೀ ನೀರು ಹಾಕಿ ಓಡಿಸುತ್ತೇವೆ. ಅದರಲ್ಲಿ ಏನೂ ಬರಬಾರದು. ಅಲ್ಲಿಯೂ ಒಂದು ಪಟ್ಟಿ ಮಂಕಾಗಿ ಮೂಡಿತ್ತು. ಅಂದರೆ ಲ್ಯಾಬಿನಲ್ಲೇ ಎಲ್ಲೋ ಹಳೆಯ ರೆಕ್ಕೆಯ ದಾರ ಸೇರಿಕೊಂಡಿದೆ. ನಾವು ಬಾವಿಯ ಗಬ್ಬಿಲಾಯಿಯನ್ನು ನೋಡುತ್ತಿದ್ದೇವೋ, ನಮ್ಮ ಕೈಗೆ ಅಂಟಿದ ಹಳೆಯದನ್ನೇ ನೋಡುತ್ತಿದ್ದೇವೋ ಹೇಳುವ ಹಾಗಿರಲಿಲ್ಲ.

"ಮೇಡಂ, ಪಟ್ಟಿ ಮಂಕಾಗಿದೆ. ಅಷ್ಟು ಲೆಕ್ಕಕ್ಕಿಲ್ಲ ಅನ್ಬೋದಲ್ಲ," ಎಂದರು ಟೆಕ್ನಿಷಿಯನ್. ಅದನ್ನು ಅವರೂ ನಂಬಿಲ್ಲ ಎಂದು ಅವರ ದನಿಯೇ ಹೇಳುತ್ತಿತ್ತು.

"ಅನ್ಬೋದು. ಅಂದು, ಬಾವಿ ಉಳಿಸ್ಕೊಂಡು, ಆಮೇಲೆ ನಮ್ಮವು ಎಲ್ಲೂ ಇಲ್ಲ ಅಂತ ಗೊತ್ತಾದ್ರೆ? ಹುಡುಕೋದನ್ನೇ ನಿಲ್ಲಿಸಿರ್ತೀವಿ."

ಎಲ್ಲ ಎಸೆದೆವು. ಎರಡು ದಿನ ಉಗ್ರಾಣ ಖಾಲಿ ಮಾಡಿದೆವು. ಹಿಕ್ಕೆಯ ಕೆಲಸ ಇನ್ನು ಮೇಲೆ ಅಲ್ಲಿಯೇ. ರೆಕ್ಕೆಯ ಚೂರು ಮುಟ್ಟಿದವರು ಆ ದಿನ ಅಲ್ಲಿ ಕಾಲಿಡುವಂತಿಲ್ಲ. ಅಲ್ಲಿಗೆ ಬೇರೆ ಕೋಟು, ಬೇರೆ ಚಪ್ಪಲಿ, ಬೇರೆ ನೀರು. ಒಂದೊಂದು ಹಿಕ್ಕೆಯನ್ನೂ ಮತ್ತೆ ಮತ್ತೆ ಓಡಿಸಿದೆವು, ಯಾಕೆಂದರೆ ಇಷ್ಟು ಕಡಿಮೆ ದಾರ ಇದ್ದಾಗ ತಾಯಿಯದು ಬಂದು ತಂದೆಯದು ಬರದೆ ಹೋಗಬಹುದು, ಮೋಸ ಹೋಗಬಹುದು. ಮಧ್ಯೆ ಕರೆಂಟು. ಕೋಲಾರದ ಬೇಸಿಗೆಯ ಕರೆಂಟು ನಿಮಗೆ ಗೊತ್ತಿಲ್ಲ. ಯಂತ್ರ ಬಿಸಿಯಾಗುತ್ತಾ ತಣ್ಣಗಾಗುತ್ತಾ ಅರ್ಧಕ್ಕೆ ಬಂದಾಗ ಹೋದರೆ ಆ ಕೊಳವೆಗಳೆಲ್ಲ ವ್ಯರ್ಥ. ಫ್ರಿಜ್ ಬೆವರಲು ಶುರುವಾದರೆ ಟೆಕ್ನಿಷಿಯನ್ ಸ್ಕೂಟರ್ ಹತ್ತಿ ಐಸ್ ಕ್ಯಾಂಡಿ ಫ್ಯಾಕ್ಟರಿಗೆ ಓಡಿ, ಗೋಣಿಯಲ್ಲಿ ಸುತ್ತಿದ ಐಸ್ ಗಡ್ಡೆ ತರುತ್ತಿದ್ದರು. ಫ್ರಿಜ್‌ನಲ್ಲಿದ್ದ ರೆಕ್ಕೆಯ ಚೂರುಗಳು ಹಾಳಾದರೆ ಹೋಲಿಸಿ ನೋಡಲು ಏನೂ ಉಳಿಯುತ್ತಿರಲಿಲ್ಲ. ಫ್ಯಾನ್ ನಿಂತ ಸದ್ದಿಗೇ ನಾನು ಫ್ರಿಜ್ ಕಡೆ ಓಡುತ್ತಿದ್ದೆ. ಮನೆಯಲ್ಲಿ ಊಟಕ್ಕೆ ಕೂತಾಗ ಲೈಟು ಹೋದರೆ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು.

ಕೊನೆಯ ಜೆಲ್ ಹಾಕಿದ ದಿನ ನಾದಿನಿ ಲ್ಯಾಬಿಗೆ ಬಂದಿದ್ದಳು. ಟೊಮೇಟೊ ಮಂಡಿಗೆ ಬಂದವಳು ಹಾಗೇ ಬಂದೆ ಎಂದಳು. ತೋಪಿನಲ್ಲಿ ತೋತಾಪುರಿ ಕೊನೆಯ ಲೋಡು ಹೋಗಿದೆ, ಟ್ರ್ಯಾಕ್ಟರಿನವನು ಯಾವಾಗ ಬರಲಿ ಎಂದು ಕೇಳುತ್ತಿದ್ದಾನೆ ಎಂದೂ ಹೇಳಿದಳು. ಒಳಗೆ ಬರಲಿಲ್ಲ. ಬಾಗಿಲಾಚೆ ಮೆಟ್ಟಿಲ ಮೇಲೆ ಕೂತಳು.

ಬೆಳ್ಳಿ ಹಿಡಿಸುವುದು ನನ್ನ ಕೆಲಸ. ಜೆಲ್ ಎನ್ನುವುದು ಮೊಸರಿನ ಕೆನೆಗಿಂತ ತೆಳು, ಗಾಜಿನಿಂದ ಬಿಡಿಸುವಾಗಲೇ ಹರಿಯಬಹುದು. ಬೆಳ್ಳಿಯ ನೀರಿನಲ್ಲಿ ಇಟ್ಟು, ಒಮ್ಮೆ ಬೇಗ ತೊಳೆದು, ಐಸಿನಲ್ಲಿಟ್ಟ ವಾಷಿಂಗ್ ಸೋಡಾ ನೀರಿಗೆ ಹಾಕಿದರೆ ಪಟ್ಟಿಗಳು ಕಂದಾಗಿ ಏಳುತ್ತವೆ. ಏಳುವ ತನಕ ಕಾಯಬೇಕು, ಎದ್ದ ಕೂಡಲೇ ಹುಳಿನೀರು ಹುಯ್ದು ನಿಲ್ಲಿಸಬೇಕು. ಬೇಗ ನಿಲ್ಲಿಸಿದರೆ ಮಂಕಾದದ್ದು ಕಾಣುವುದಿಲ್ಲ, ತಡವಾದರೆ ಎಲ್ಲ ಕರ್ರಗಾಗುತ್ತದೆ. ನಾನು ಹುಳಿನೀರಿನ ಜಗ್ಗು ಹಿಡಿದು ನಿಂತೆ. ರೆಕ್ಕೆಯ ಸಾಲುಗಳು ಎದ್ದವು. ಕುರುಡುಮಲೆ ಕಡೆಯ ಹಾಳು ಮಂಟಪದಿಂದ ಹಿಂದೆ ತಂದಿದ್ದ ಮಾಮೂಲಿ ಜಾತಿಯ ಸಾಲುಗಳು ಎದ್ದವು. ಹಿಕ್ಕೆಯ ಸಾಲುಗಳು ಒಂದೊಂದಾಗಿ ಏಳತೊಡಗಿದವು. ನೀರಿನ ಸಾಲಿನ ಮೇಲೆ ಕಣ್ಣಿಟ್ಟೆ. ಅದು ಖಾಲಿಯೇ ಇತ್ತು. ಇನ್ನೊಂದು ಉಸಿರಿನಷ್ಟು ಕಾದೆ, ಅದು ಖಾಲಿಯೇ ಇತ್ತು. ಹುಯ್ದೆ.

ಮೇಡಂ ಲೈಟಿನ ಪೆಟ್ಟಿಗೆಯ ಮೇಲೆ ಜೆಲ್ ಇಟ್ಟು, ಹಿಂದಿನ ದಿನಗಳ ಜೆಲ್‌ಗಳನ್ನು ಪಕ್ಕದಲ್ಲಿ ಸಾಲಾಗಿ ಜೋಡಿಸಿದರು. ಟೆಕ್ನಿಷಿಯನ್ ಓದುವುದು, ಮೇಡಂ ಹೋಲಿಸುವುದು.

"ಇದು ಮಾಮೂಲಿ," ಎಂದರು ಮೇಡಂ. ಇನ್ನೊಂದು. "ಮಾಮೂಲಿ." ಮತ್ತೊಂದು. "ಇದೂ ಮಾಮೂಲಿ."

ನಾನು ಕೈ ತೊಳೆಯುವ ನೆಪದಲ್ಲಿ ಅವರಿಗೆ ಬೆನ್ನು ಹಾಕಿ ನಿಂತೆ. ಮಾಮೂಲಿ, ಮಾಮೂಲಿ ಎಂದು ಅದೇ ಮಾತು ಬರುತ್ತಿತ್ತು. ಮೆಟ್ಟಿಲ ಮೇಲೆ ಕೂತವಳಿಗೂ ಅದು ಕೇಳುತ್ತದೆ ಎಂದು ನನಗೆ ಗೊತ್ತಿತ್ತು. ಆಮೇಲೆ ಮಾತು ನಿಂತಿತು. ನಾನು ತಿರುಗಲಿಲ್ಲ.

"ಇದನ್ನ ಇನ್ನೊಂದ್ಸಲ ಓದಿ," ಎಂದರು ಮೇಡಂ.

ಟೆಕ್ನಿಷಿಯನ್ ಓದಿದರು. ಎಲ್ಲ ಗುರುತುಗಳನ್ನೂ ಮೊದಲಿನಿಂದ ಓದಿದರು. ಆಮೇಲೆ ತೆಲುಗಿನಲ್ಲಿ ತಮಗೆ ತಾವೇ ಏನೋ ಅಂದುಕೊಂಡರು.

"ಅಮ್ಮ, ಬನ್ನಿ ಇಲ್ಲಿ," ಎಂದು ಮೇಡಂ ನನ್ನನ್ನು ಕರೆದರು. "ಇದು ಹೋದ ವರ್ಷ ನೀವೇ ಚೀಲದಲ್ಲಿ ಹಿಡ್ಕೊಂಡಿದ್ದ ಹೆಣ್ಣು. ಗವೀದು. ಅದೇ ಪ್ರಾಣಿ. ಬಾವೀಲಿದೆ."

ಅದೊಂದೇ ಅಲ್ಲ. ಇನ್ನೂ ಕೆಲವು ಹಿಕ್ಕೆಗಳು ಗವಿಯ ಜಾತಿಯವೇ. ಅವುಗಳಲ್ಲಿ ಎರಡು ಮೂರು ನಾವು ಹಿಂದೆ ಹಿಡಿದು ಬಿಟ್ಟವು, ಮಿಕ್ಕವು ನಮ್ಮ ಕೈಗೆ ಎಂದೂ ಸಿಕ್ಕದಿದ್ದವು. ಬಾವಿಯಲ್ಲಿ ಬಹುಪಾಲು ಮಾಮೂಲಿಯವೇ ಇದ್ದವು, ಅವುಗಳ ನಡುವೆ ನಮ್ಮವು ಸೇರಿಕೊಂಡಿದ್ದವು. ಗವಿಯಲ್ಲಿದ್ದಷ್ಟು ಇರಲಿಲ್ಲ, ಅದರ ಹತ್ತಿರ ಹತ್ತಿರವೂ ಇರಲಿಲ್ಲ.

ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ನಾದಿನಿಯ ಪಕ್ಕ ಕೂತೆ.

"ಇವೆಯಂತೆ ಕಣೇ."

"ಎಲ್ಲಾನೂ?"

"ಇಲ್ಲ. ಕೆಲವು."

"ಮಿಕ್ಕಿದ್ದು?"

"ಗೊತ್ತಿಲ್ಲ."

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದಳು. "ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಯ್ತು, ಬರ್ತೀನಿ ಅತ್ತಿಗೆ," ಎಂದಳು. ಗೇಟಿನ ಹತ್ತಿರ ಹೋಗಿ ಮತ್ತೆ ನಿಂತು, "ಟ್ರ್ಯಾಕ್ಟ್ರಿನೋನಿಗೆ ನಾನೇ ಹೇಳ್ಬಿಡ್ತೀನಿ, ಬಸ್ಸು ಆ ಕಡೆಯಿಂದ್ಲೇ ಹೋಗುತ್ತೆ," ಎಂದಳು.

ಯಜಮಾನರು ಮಾತಿಗೆ ತಪ್ಪಲಿಲ್ಲ. ಬಾವಿಯ ಕಟ್ಟೆಯನ್ನು ಎದೆಯಷ್ಟು ಎತ್ತರಿಸಿದರು, ಗಬ್ಬಿಲಾಯಿ ಹಾರಿಹೋಗಲು ಮೇಲೆ ತೆರೆದೇ ಬಿಟ್ಟರು. ಗವಿಗೆ ಮಳೆಗಾಲದ ನೀರು ಹರಿದು ಬ್ಲೀಚಿಂಗ್ ವಾಸನೆ ಹೋಯಿತು. ಎರಡು ವರ್ಷದ ಮೇಲೆ ಅದರ ನೆಲದ ಮೇಲೆ ಸ್ವಲ್ಪ ಹಿಕ್ಕೆ ಕಂಡಿತು. ಯಾವುದರದ್ದು ಎಂದು ಓಡಿಸಿ ನೋಡುವ ಹೊತ್ತಿಗೆ ನಮ್ಮ ಕೆಲಸಕ್ಕೆ ಕೊಟ್ಟಿದ್ದ ಅವಧಿ ಮುಗಿದಿತ್ತು. ಮೇಡಂ ಬೇರೆ ಊರಿಗೆ ಹೋದರು. ಆ ಕೊಳವೆಗಳನ್ನು ನಾನೇ ಹೆಸರು ಬರೆದು ಪೆಟ್ಟಿಗೆಗೆ ತುಂಬಿ ಅವರ ಜೊತೆ ಕಳಿಸಿದೆ. ಅವುಗಳಲ್ಲಿ ಏನಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿ ಬರೆಯಬಹುದಿತ್ತು, ಬರೆಯಲಿಲ್ಲ. ಮಾಮೂಲಿ ಎಂದು ಉತ್ತರ ಬಂದರೆ ಎಂದು.

ಮಕ್ಕಳೇ, ಗುರುತುಗಳ ವಿಷಯ ಮೇಡಂ ಪುಸ್ತಕಗಳಲ್ಲಿ ಅಚ್ಚು ಹಾಕಿಸಿದ್ದಾರೆ, ಅದು ಎಲ್ಲಿಯೂ ಹೋಗುವುದಿಲ್ಲ. ಆ ಗವಿಯನ್ನು ಹಾಳುಮಾಡಿದ್ದು ಕೆಟ್ಟವರಲ್ಲ, ಮರ್ಯಾದೆ ಮಾಡಬೇಕೆಂದು ಹೋದ ನಮ್ಮ ಮನೆಯ ಹೆಂಗಸರೇ ಎನ್ನುವುದು, ಆಮೇಲೆ ಅವರೇ ಬಾವಿ ಹುಡುಕಿ ತಟ್ಟೆ ಇಳಿಬಿಟ್ಟರು ಎನ್ನುವುದು ಯಾವ ಪುಸ್ತಕದಲ್ಲೂ ಇಲ್ಲ. ಬಾವಿ ಯಾವ ಊರ ತೋಪಿನಲ್ಲಿದೆ ಎಂದು ಬೇಕೆಂದೇ ಬರೆದಿಲ್ಲ, ನನಗೆ ನಡೆಯಲು ಆಗುತ್ತಿರುವಾಗ ಬಂದು ಕೇಳಿ, ತೋರಿಸುತ್ತೇನೆ. ಈಗ ಆ ಕಡೆ ಲೇಔಟಿನ ಕಲ್ಲು ನೆಡುತ್ತಿದ್ದಾರೆ ಎಂದು ಕೇಳಿದ ಮೇಲೆ ನನಗೆ ಮತ್ತೆ ಆ ಬೇಸಿಗೆಯ ಹಾಗೇ ಆಗುತ್ತಿದೆ. ಹಳೇ ಪೇಪರಿನ ಜೊತೆ ಈ ಹಾಳೆಗಳನ್ನು ಹಾಕಿಬಿಡಬೇಡಿ, ಕಬ್ಬಿಣದ ಬೀರುವಿನಲ್ಲಿ ನಿಮ್ಮ ಅಪ್ಪನ ಮಾರ್ಕ್ಸ್‌ಕಾರ್ಡುಗಳ ಕೆಳಗೆ ಇಡಿ. ಯಾರಾದರೂ ಯಾವತ್ತಾದರೂ ಬಾವಲಿ ಇರುವ ಜಾಗವನ್ನು ಚೊಕ್ಕಟ ಮಾಡುತ್ತೇವೆ ಎಂದು ಹೊರಟರೆ, ತೆಗೆದು ಓದಿ ಹೇಳಿ.